ಯಾರೂ ಅಲ್ಲವೆನ್ನಲಿಲ್ಲ

ಹಾಲ್ಬರಿಯ ಬಸ್ ಡಿಪೊದಲ್ಲಿ ಎವರಾರ್ಡ್ ಬ್ಯಾಸ್ಕಮ್ ಕಲಿತ ಮೊದಲ ಪಾಠ ಇದು: ಈ ಊರಿನಲ್ಲಿ ಮನುಷ್ಯನು ತನ್ನನ್ನು ತಾನು ಹೊಗಳಿಕೊಳ್ಳಬಾರದು. ಇಪ್ಪತ್ತು ವರ್ಷ ಒಂದೂ ಅಪಘಾತವಿಲ್ಲದೆ ಬಸ್ಸು ಓಡಿಸಿದ ಚಾಲಕನೂ “ನನ್ನ ಕೈಗೆ ಬಸ್ ಕೊಟ್ಟೋರಿಗೆ ತಲೆ ಕೆಟ್ಟಿರಬೇಕು” ಎನ್ನಬೇಕು. ಕೂಡಲೇ ಪಕ್ಕದವನು “ಸುಮ್ನಿರಯ್ಯ, ನಿನ್ನಂಥ ಡ್ರೈವರ್ ಇನ್ನೆಲ್ಲಿದ್ದಾನೆ” ಎಂದು ಅಲ್ಲಗಳೆಯಬೇಕು. ಮೊದಲನೆಯ ಮಾತು ಎಷ್ಟು ಕಡ್ಡಾಯವೋ ಎರಡನೆಯದೂ ಅಷ್ಟೇ ಕಡ್ಡಾಯ. ಒಬ್ಬನು ಕಳೆದದ್ದನ್ನು ಇನ್ನೊಬ್ಬನು ಕೂಡಿಸುತ್ತಾನೆ. ಮೊತ್ತ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತದೆ. ಶೇಷವಾಗಿ ಉಳಿಯುವುದು ನಗು ಮಾತ್ರ.

ಎವರಾರ್ಡ್ ಬಾರ್ಬಡೋಸ್ ದ್ವೀಪದಿಂದ ಈ ಬಿಳಿಯರ ಇಂಗ್ಲಿಷ್ ಊರಿಗೆ ಬಂದ ಕಪ್ಪು ಮನುಷ್ಯ. ರಮ್ ಅಂಗಡಿಯ ಮುಂದೆ ನಿಂತು ತನ್ನ ಬೌಲಿಂಗನ್ನು ತಾನೇ ಬೀದಿಗೆಲ್ಲ ಕೇಳುವಂತೆ ಕೊಂಡಾಡಿಕೊಂಡು ಬೆಳೆದವನು. ಹಾಲ್ಬರಿಗೆ ಬಂದ ಮೊದಲ ವರ್ಷ ಹಾಗೆ ಕೊಂಡಾಡಿಕೊಂಡಾಗ ಡಿಪೊದ ಊಟದ ಕೋಣೆ ತಣ್ಣಗಾಗಿಬಿಟ್ಟಿತ್ತು. ಎರಡನೆಯ ವರ್ಷ ಅವನು ತನ್ನನ್ನು ತಾನೇ ಹಳಿದುಕೊಂಡ. ಕೋಣೆಯೆಲ್ಲ ನಕ್ಕಿತು; ಯಾರೋ ಅವನ ಕಡೆಗೆ ಚಹಾದ ಲೋಟ ಸರಿಸಿದರು. ಈ ಜನರೊಳಗೆ ಹೋಗುವ ಬಾಗಿಲು ಎಲ್ಲಿದೆಯೆಂದು ತನಗೆ ತಿಳಿಯಿತು ಎಂದುಕೊಂಡ.

ಅದಾಗಿ ಹನ್ನೆರಡು ವರ್ಷ. ಈಗ ೧೯೭೪ರ ಫೆಬ್ರವರಿ. ಕಳೆದ ಐದು ವರ್ಷಗಳಿಂದ ಕಾಲುವೆ ಬೀದಿಯ ಕಾರ್ಮಿಕರ ಕ್ಲಬ್ಬಿನಲ್ಲಿ ಭಾನುವಾರ ಮಧ್ಯಾಹ್ನ ಜನರನ್ನು ನಗಿಸುವ ಕೆಲಸ ಎವರಾರ್ಡನದಾಗಿತ್ತು. ಹೆಂಗಸರು ಮನೆಯಲ್ಲಿ ಮಾಂಸ ಬೇಯಿಸುತ್ತಿರುವ ಹೊತ್ತಿನಲ್ಲಿ ಇನ್ನೂರು ಗಂಡಸರು ಅಲ್ಲಿ ಬಿಯರ್ ಕುಡಿದು, ಬಟಾಣಿ ಸುರಿದ ಕಡುಬು ತಿಂದು, ಅವನ ಮಾತು ಕೇಳುತ್ತಿದ್ದರು. ಆದರೆ ಅವನು ಆ ಕ್ಲಬ್ಬಿನ ಸದಸ್ಯನಲ್ಲ. ಪ್ರತಿ ಭಾನುವಾರವೂ ಕಾರ್ಯಕ್ರಮದ ಕಾರ್ಯದರ್ಶಿ ಹೊರೇಸ್ ಟನಿಕ್ಲಿಫ್ ಬಾಗಿಲಿಗೆ ಬಂದು, ಅತಿಥಿಗಳ ಪುಸ್ತಕದಲ್ಲಿ ಅವನ ಹೆಸರು ಬರೆದು, ಎದುರಿಗೆ ಸಹಿ ಹಾಕಿ ಒಳಗೆ ಕರೆದೊಯ್ಯಬೇಕು. ಅತಿಥಿಯು ಸಹಿ ಹಾಕಿದವನ ಕಣ್ಣಳತೆಯಲ್ಲೇ ಇರಬೇಕು. ಬಾರಿನಲ್ಲಿ ತಾನಾಗಿ ಏನನ್ನೂ ಕೇಳಬಾರದು. ಕ್ಲಬ್ಬಿನ ನಿಯಮ ಅದು.

ಆ ನಿಯಮವನ್ನು ಐದು ವರ್ಷ ಸಹಿಸಿದ್ದ ಎವರಾರ್ಡ್ ಈಗ ಸದಸ್ಯತ್ವಕ್ಕೆ ಅರ್ಜಿ ಹಾಕಿದ್ದ. ಕಾರಣ ಒಂದೇ. ಮಗಳು ವೆಲ್ಮಾಳ ಮದುವೆ ಜೂನ್ ತಿಂಗಳಿಗೆ ನಿಶ್ಚಯವಾಗಿತ್ತು. ನೂರಿಪ್ಪತ್ತು ಜನ ಕೂರುವ ಸಭಾಂಗಣ ಊರಿನಲ್ಲಿ ಕ್ಲಬ್ಬಿನದು ಬಿಟ್ಟರೆ ಇನ್ನೊಂದಿರಲಿಲ್ಲ, ಮತ್ತು ಸದಸ್ಯರಲ್ಲದವರಿಗೆ ಅದನ್ನು ಕೊಡುತ್ತಿರಲಿಲ್ಲ. ಅರ್ಜಿಯ ಮೇಲೆ ಮಂಗಳವಾರ ಸಮಿತಿ ಮತ ಹಾಕುವುದಿತ್ತು. ಹನ್ನೆರಡು ಜನರ ಸಮಿತಿ. ಬಿಳಿಯ ಗುಂಡು ಹಾಕಿದರೆ ಒಪ್ಪಿಗೆ, ಕರಿಯ ಗುಂಡು ಹಾಕಿದರೆ ನಿರಾಕರಣೆ. ಮೂರು ಕರಿಯ ಗುಂಡು ಬಿದ್ದರೆ ಅರ್ಜಿ ಸತ್ತಂತೆ.

ಮತದ ಹಿಂದಿನ ಭಾನುವಾರ ಅವನು ತನ್ನಲ್ಲಿದ್ದುದನ್ನೆಲ್ಲ ಸುರಿದ. ಗಣಿ ಕಾರ್ಮಿಕರ ಮುಷ್ಕರದಿಂದ ದೇಶದಲ್ಲೆಲ್ಲ ವಿದ್ಯುತ್ತು ಹೋಗಿ ಬರುತ್ತಿದ್ದ ಕಾಲ ಅದು.

“ಕರೆಂಟ್ ಹೋದ್ರೆ ಹೆದರ್ಬೇಡಿ ಸ್ವಾಮಿ. ನಾನು ಕಣ್ಮುಚ್ಚಿ ಬಾಯ್ಮುಚ್ಚಿದ್ರೆ ಕಾಣಲ್ಲ, ನಿಜ. ಎಡವಿ ಬಿದ್ರೆ ಬೈಕೊಳ್ಳಿ, ಅದು ನಾನೇ!”

ನಕ್ಕರು.

“ಈ ಬಾಗಿಲಲ್ಲಿ ನಮ್ಮೋನೊಬ್ಬ ನುಗ್ಗಿದ ಅಂದ್ರೆ ಮುಗೀತು. ಹಿಂದೇನೆ ಅಣ್ತಮ್ಮಂದ್ರು ಹದಿನಾಲ್ಕು ಜನ. ಅವ್ರ ಹಿಂದೆ ಒಂದು ಮೇಕೆ. ಮೇಕೆಗೆ ಮರ್ಯಾದೆ ಕೊಡಿ ಮಾರಾಯ್ರೇ, ನಮ್ಮನೇಲಿ ಓದ್ಬರಹ ಬರೋದು ಅದಕ್ಕೊಂದಕ್ಕೇ!”

ಮುಂದಿನ ಸಾಲಿನಲ್ಲಿದ್ದ ರೆಜ್ ಸ್ಪ್ರಾಸ್ಟನ್ ಮೇಜು ಗುದ್ದಿ ನಕ್ಕ. ಸಮಿತಿಯಲ್ಲಿ ಹಳಬ ಅವನು. ಅವನ ಗಲ್ಲದ ಮೇಲೆ ಅಗಿದ ಬಟಾಣಿಯ ಸಿಪ್ಪೆಯೊಂದು ಅಂಟಿಕೊಂಡಿತ್ತು. ನಗುವಾಗ ಅದು ಕುಣಿಯುತ್ತಿತ್ತು. ಎವರಾರ್ಡ್ ಅದನ್ನು ಬಹಳ ಹೊತ್ತು ನೋಡಿದ. ಒಂದು ಮತ ಸಿಕ್ಕಿತು ಎಂದು ಎಣಿಸಿದ.

ಮನೆಗೆ ಬಂದಾಗ ಹೆಂಡತಿ ಅಯೋನಿ ಅವನ ಕೋಟನ್ನು ಇಕ್ಕಳದಲ್ಲಿ ಹಿಡಿದಂತೆ ಎರಡು ಬೆರಳಿನಲ್ಲಿ ಹಿಡಿದು ಹಿತ್ತಿಲಿಗೆ ಒಯ್ದು ನೇತುಹಾಕಿದಳು.

“ಬಿಯರ್ ವಾಸ್ನೆ ಅಷ್ಟೇ ಕಣೆ.”

“ಬಿಯರಿಂದಾದ್ರೆ ಒಗೆದ್ರೆ ಹೋಗತ್ತೆ. ಇವತ್ತೂ ಮೇಕೆ ಬಂದಿತ್ತಾ?”

“ಬಂದಿತ್ತು. ಎಲ್ಲಾರ್ಗೂ ಇಷ್ಟ ಅದು.”

“ವೆಲ್ಮಾ ಕ್ಲಾಸಿನ ಮಕ್ಕಳಿಗೆ ಭಿನ್ನರಾಶಿ ಹೇಳ್ಕೊಡೋಕೆ ನಾಲ್ಕು ವರ್ಷ ಓದಿದ್ಲು. ನಿನ್ ಮೇಕೆ ಯಾವ ಸ್ಕೂಲಿಗೆ ಹೋಗಿದ್ದು?”

“ಅವಳ ಮದ್ವೆಗೋಸ್ಕರಾನೇ ಅಲ್ವಾ ಇದೆಲ್ಲಾ? ಅವ್ರೂ ತಮ್ಮನ್ನ ತಾವೇ ಬೈಕೊಳ್ತಾರೆ ಕಣೆ. ಹೊರೇಸ್ ದಿನಾ ತಾನು ಕತ್ತೆ ಅಂತಾನೆ.”

“ಅವನು ಕತ್ತೆ ಅಂದಾಗ ನೀನೇನಂತೀಯ?”

“ಛೆ, ಹಾಗನ್ಬೇಡ ಹೊರೇಸ್, ನೀನಿಲ್ದಿದ್ರೆ ಕ್ಲಬ್ಬೇ ಇಲ್ಲ, ಅಂತೀನಿ.”

“ನೀನು ಮೇಕೆ ಅಂದಾಗ ಅವನೇನಂತಾನೆ?”

ಎವರಾರ್ಡ್ ಉತ್ತರ ಹೇಳಲು ಬಾಯಿ ತೆರೆದ. ಐದು ವರ್ಷದ ಭಾನುವಾರಗಳನ್ನು ಹಿಂದಕ್ಕೆ ಎಣಿಸುತ್ತ ಹೋದ. ಇನ್ನೂರೈವತ್ತಕ್ಕೆ ಕಡಿಮೆಯಿಲ್ಲ. ಅಷ್ಟರಲ್ಲಿ ಒಂದು ಬಾರಿಯಾದರೂ ಯಾರಾದರೂ ಅಲ್ಲವೆಂದದ್ದು ನೆನಪಿಗೆ ಬರಲಿಲ್ಲ. ಅನ್ನ ಆರಿಹೋಗುತ್ತಿದೆಯೆಂದು ಹೇಳಿ ಊಟಕ್ಕೆ ಕುಳಿತ.

ಮಂಗಳವಾರ ಸಂಜೆ ಆರು ಗಂಟೆಗೆ ಹೊರೇಸ್ ಅವನ ಹೆಸರು ಬರೆದು ಒಳಗೆ ಕರೆದ. ಆದರೆ ಹೊರೇಸ್ ಸಭೆಗೆ ಹೋಗಬೇಕು, ಸಹಿ ಹಾಕಿದವನಿಲ್ಲದ ಕಡೆ ಅತಿಥಿ ನಿಲ್ಲುವಂತಿಲ್ಲ. ಬಾಗಿಲು ಕಾಯುವ ಮುದುಕ ವಿಲ್ಫ್ ಸ್ವಲ್ಪ ಯೋಚಿಸಿ, “ಮೆಟ್ಲು ಮೇಲೆ ಕೂತ್ಕೊಳಪ್ಪ. ಅದು ಒಳಗೂ ಅಲ್ಲ, ಹೊರಗೂ ಅಲ್ಲ” ಎಂದ. ಮೆಟ್ಟಿಲಿನ ಮೇಲೆ ಹಾಸಿದ ಜಮಖಾನೆ ಚೆಲ್ಲಿದ ಬಿಯರಿನಿಂದ ಅಂಟಂಟಾಗಿತ್ತು. ಎವರಾರ್ಡ್ ಕರವಸ್ತ್ರ ಹಾಸಿ ಕುಳಿತ. ಸಮಿತಿಯ ಕೋಣೆಯ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ; ಒಳಗಿನದೆಲ್ಲ ಕೇಳಿಸುತ್ತಿತ್ತು.

“ನಾನು ಹೆಡ್ಡ, ನನಗೇನೂ ತಿಳಿಯಲ್ಲ,” ಎಂದು ರೆಜ್ ಆರಂಭಿಸಿದ.

“ಛೆ ಛೆ, ಹಾಗನ್ಬೇಡ ರೆಜ್!” ಎಂದು ಕೋಣೆಯೆಲ್ಲ ಒಂದೇ ದನಿಯಲ್ಲಿ ಅಂದಿತು.

“ಎವರಾರ್ಡ್ ಒಳ್ಳೇ ಹುಡುಗ. ನನಗೆ ಇಷ್ಟಾನೇ. ಆದ್ರೆ ನಾನಲ್ಲ ಹೇಳ್ತಿರೋದು, ಅವನೇ ಹೇಳಿದ್ದು, ಮೊನ್ನೆ, ಅದೇ ಸ್ಟೇಜ್ ಮೇಲೆ. ಒಬ್ಬನ್ನ ಒಳಗೆ ಬಿಟ್ರೆ ಹಿಂದೆ ಹದಿನಾಲ್ಕು ಜನ, ಮೇಲೊಂದು ಮೇಕೆ. ನಿಮ್ಮಲ್ಲಿ ಯಾರು ಕೇಳಿಸ್ಕೊಂಡಿಲ್ಲ? ತನ್ನೋರು ಎಂಥೋರು ಅಂತ ಅವನಿಗಿಂತ ನಮಗೆ ಚೆನ್ನಾಗಿ ಗೊತ್ತಾ?”

ಮೊದಲು ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. ಆ ನಗುವಿನಲ್ಲಿ ಹೊರೇಸನದು ಯಾವುದೆಂದು ಎವರಾರ್ಡನಿಗೆ ತಿಳಿಯಿತು; ಅದರ ಕೊನೆಯಲ್ಲಿ ಒಂದು ಸಣ್ಣ ಕೆಮ್ಮು ಇರುತ್ತಿತ್ತು. ಅದು ತಮಾಷೆ ಕಣ್ರಯ್ಯ ಎನ್ನುವ ಮಾತಿಗಾಗಿ ಅವನು ಕಾದ. ಮರದ ಪೆಟ್ಟಿಗೆಯೊಳಗೆ ಗುಂಡುಗಳು ಒಂದೊಂದಾಗಿ ಬೀಳುವ ಸದ್ದು ಬಂತು. ಹನ್ನೆರಡನ್ನೂ ಎಣಿಸಿದ.

ಹೊರೇಸ್ ಹೊರಗೆ ಬಂದಾಗ ಕಣ್ಣು ಬೇರೆಡೆಗಿತ್ತು.

“ಐದು ಕರಿದು ಬಿತ್ತು ಗುರುವೇ. ನಿಯಮ ಅಂದ್ರೆ ನಿಯಮ. ಏನೂ ಅಂದ್ಕೋಬೇಡ. ಭಾನುವಾರ ಬರ್ತೀಯ ತಾನೇ?”

“ಬರ್ತೀನಿ,” ಎಂದ ಎವರಾರ್ಡ್.

ಭಾನುವಾರ ಸಭಾಂಗಣ ಎಂದಿಗಿಂತ ಹೆಚ್ಚು ತುಂಬಿತ್ತು. ಮತದ ಸುದ್ದಿ ಎಲ್ಲರಿಗೂ ತಿಳಿದಿತ್ತು. ಅವನು ಅದರ ಮೇಲೆಯೇ ಏನೋ ಹಾಸ್ಯ ಕಟ್ಟಿ ತಂದಿರುತ್ತಾನೆಂದು ನಿರೀಕ್ಷಿಸಿದ್ದರು. ಹೊಗೆ ತಲೆಯ ಮೇಲೆ ನಿಂತಿತ್ತು. ಬಟಾಣಿಯ ಹಸಿರು ನೀರು ತಟ್ಟೆಗಳ ಅಂಚಿನಲ್ಲಿ ಕೆನೆಗಟ್ಟಿತ್ತು. ಎವರಾರ್ಡ್ ಮೈಕಿನ ಮುಂದೆ ನಿಂತು, ಎರಡೂ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟ.

“ನನ್ನ ಹೆಸರು ಎವರಾರ್ಡ್ ಬ್ಯಾಸ್ಕಮ್. ನಾನು ಒಳ್ಳೇ ಮನುಷ್ಯ.”

ಹದಿಮೂರು ವರ್ಷದ ಹಿಂದಿನ ಊಟದ ಕೋಣೆಯ ಅದೇ ತಣ್ಣನೆಯ ಗಾಳಿ.

“ಹದಿಮೂರು ವರ್ಷ ಕೆಲ್ಸ ಮಾಡಿದೀನಿ. ಒಂದಿನಾನೂ ತಡವಾಗಿ ಬಂದಿಲ್ಲ.”

ಹಿಂದೆ ಯಾರೋ ಕಿಸಕ್ಕೆಂದರು.

“ನನ್ನ ಹೆಂಡ್ತಿ ಆಸ್ಪತ್ರೇಲಿ ನರ್ಸ್. ಇಲ್ಲಿ ಕೂತಿರೋರಲ್ಲಿ ಎಷ್ಟೋ ಜನದ ತಾಯಂದಿರು ಕೊನೇಗಾಲದಲ್ಲಿ ಅವಳ ಕೈ ಹಿಡ್ಕೊಂಡಿದ್ರು.”

ನಗು ಒಂದು ಮೇಜಿನಿಂದ ಇನ್ನೊಂದಕ್ಕೆ ಹರಡಿತು. ಕಟ್ಟುತ್ತಿದ್ದಾನೆ, ಕೊನೆಯಲ್ಲಿ ಹೊಡೆಯುತ್ತಾನೆ ಎಂದು ಅವರು ಮುಂದಕ್ಕೆ ಬಾಗಿದರು.

“ನನ್ನ ಮಗಳು ಲೆಕ್ಕದ ಟೀಚರ್. ಈ ಹಾಲಿನಲ್ಲಿ ಅವಳಷ್ಟು ಓದಿದೋರು ಒಬ್ಬರೂ ಇಲ್ಲ.”

ಸಭಾಂಗಣ ಸ್ಫೋಟಿಸಿತು. ರೆಜ್ ಸ್ಪ್ರಾಸ್ಟನ್ ಕುರ್ಚಿಯಿಂದ ಅರ್ಧ ಜಾರಿದ್ದ. ಇನ್ನೂರು ಬಾಯಿಗಳು ತೆರೆದಿದ್ದವು. ಅರೆಬರೆ ಅಗಿದ ಕಡುಬು, ಹಸಿರು ನಾಲಗೆ, ಕಂದು ಹಲ್ಲು. ಇಷ್ಟು ವರ್ಷ ಈ ಬಾಯಿಗಳಿಗೆ ತಾನು ಏನನ್ನು ತುತ್ತು ಮಾಡಿ ಇಟ್ಟೆನೆಂಬುದು ಎವರಾರ್ಡನಿಗೆ ಆಗ ಕಂಡಿತು. ಅವರ ಮೇಲಿನ ಹೇಸಿಗೆಯನ್ನೂ ತನ್ನ ಮೇಲಿನ ಹೇಸಿಗೆಯನ್ನೂ ಬೇರೆ ಬೇರೆಯಾಗಿ ತೂಗಲು ಅವನು ಪ್ರಯತ್ನಿಸಿದ; ಎರಡನೆಯದೇ ಹೆಚ್ಚಾಗಿತ್ತು. ಅಡುಗೆ ಮಾಡಿದವನು ಅವನೇ.

“ನಾನು ತಮಾಷೆ ಮಾಡ್ತಿಲ್ಲ,” ಎಂದ.

ಐದು ವರ್ಷಗಳಲ್ಲಿ ಅವನಿಗೆ ಸಿಕ್ಕ ಅತಿ ದೊಡ್ಡ ನಗು ಅದು. ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅವನು ಇಳಿದುಹೋದಾಗಲೂ ಅದು ನಿಂತಿರಲಿಲ್ಲ.

ವೇದಿಕೆಯ ಹಿಂದಿನ ಇಕ್ಕಟ್ಟಿನಲ್ಲಿ, ಖಾಲಿ ಪೀಪಾಯಿಗಳ ನಡುವೆ, ಹೊರೇಸ್ ಅವನ ತೋಳು ಹಿಡಿದ. ಕಣ್ಣಿನಲ್ಲಿ ನೀರಿತ್ತು.

“ಅಯ್ಯೋ ಮಾರಾಯ, ಸಾಯಿಸ್ಬಿಟ್ಟೆ! ಆ ಮುಖ ಇಟ್ಕೊಂಡು ‘ಒಳ್ಳೇ ಮನುಷ್ಯ’ ಅಂದ್ಯಲ್ಲ! ಕಡುಬು ತಿಂದ್ಕೊಂಡು ಎರಡನೇ ಸಲ ಸ್ಟೇಜ್ ಹತ್ತು. ಇದನ್ನೇ ಇನ್ನೊಂದ್ಸಲ ಮಾಡು.”

ಎವರಾರ್ಡ್ ಕೋಟಿನ ಗುಂಡಿಗಳನ್ನು ಹಾಕಿಕೊಂಡ. ಮಗಳ ಮದುವೆಯ ಊಟ ಚರ್ಚಿನ ಹಿಂದಿನ ಕೋಣೆಯಲ್ಲಿ ಆಗಬೇಕು. ಅರವತ್ತು ಜನ ಹಿಡಿಯುತ್ತಾರೆ. ಉಳಿದರ್ಧ ಬೀದಿಯಲ್ಲಿ ನಿಂತು ತಿನ್ನಬೇಕು. ಅವನು ಅದನ್ನು ಮಂಗಳವಾರವೇ ಲೆಕ್ಕ ಹಾಕಿದ್ದ.

“ಹೊರೇಸ್, ನಾನು ಒಳ್ಳೇ ಮನುಷ್ಯ ಅಂದೆ. ನೀನ್ಯಾಕೆ ನಕ್ಕೆ?”

ಹೊರೇಸ್ ಅವನ ಮುಖ ನೋಡಿದ. ನಗು ಇನ್ನೂ ತುಟಿಯ ಮೇಲೇ ಇತ್ತು, ಆದರೆ ಕೆಳಗಿನ ನೆಲ ಸ್ವಲ್ಪ ಜಾರಿದಂತಾಯಿತು. ಇಂಥ ಹೊತ್ತಿನಲ್ಲಿ ಆ ಊರಿನ ಗಂಡಸರು ಏನು ಮಾಡುತ್ತಾರೋ ಅದನ್ನೇ ಅವನೂ ಮಾಡಿದ.

“ನಾನೊಂದು ಕತ್ತೆ ಕಣಯ್ಯಾ. ಎಲ್ಲಾದಕ್ಕೂ ನಗ್ತೀನಿ. ನನಗೆಲ್ಲಿದೆ ಬುದ್ಧಿ?”

ಹೇಳಿ, ಎರಡನೆಯ ಮಾತಿಗಾಗಿ ಕಾದ. ಐದು ವರ್ಷ ಅದು ತಪ್ಪದೆ ಬಂದಿತ್ತು: ಛೆ, ಹಾಗನ್ಬೇಡ ಹೊರೇಸ್. ಹೊರಗಡೆ ಇನ್ನೂರು ಜನ ಮೇಜು ಬಡಿಯುತ್ತಿದ್ದರು.

“ಹೌದು,” ಎಂದ ಎವರಾರ್ಡ್.

ಹೊರೇಸ್ ಕಾಯುತ್ತಲೇ ಇದ್ದ. ಎವರಾರ್ಡ್ ಟೋಪಿ ಹಾಕಿಕೊಂಡು, ವಿಲ್ಫನ ಮುಂದೆ ಹಾದು, ಬೀದಿಗೆ ಇಳಿದ.