ದೊರೆಯ ಬಟ್ಟಲು

ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಟ್ಟಲು ಬಿತ್ತು. ಠಣಾರ್ ಎಂದು ಹೊಲಿಗೆ ಮಷಿನ್ನಿನ ಕಾಲಿಗೆ ಬಡಿದು, ಅತ್ತಿಗೆ ಆಗಷ್ಟೇ ಗುಡಿಸಿದ್ದ ನೆಲದ ತುಂಬ ಸೂರ್ಯಕಾಂತಿ ಬೀಜ ಚೆಲ್ಲಿತು. ಬಟ್ಟಲಿಡಲು ಪಂಜರದ ಪಕ್ಕದಲ್ಲೊಂದು ಪುಟ್ಟ ಕಿಂಡಿಯಿತ್ತು. ದೊರೆ ಅದರಿಂದ ಮೂತಿ ಹೊರಗೆ ಹಾಕಿ, ಕತ್ತು ವಾರೆ ಮಾಡಿ, ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡು ನೋಡುತ್ತಿತ್ತು. ಗಿಣಿಗೆ ಆ ಹೆಸರಿಟ್ಟವಳು ಅತ್ತಿಗೆಯ ನಾದಿನಿ ಟೈಲರಮ್ಮ. ಹೆಸರಿಗೆ ತಕ್ಕಂತೆ ಅದು ಇವತ್ತಿನವರೆಗೆ ಒಬ್ಬರ ಮಾತೂ ಕೇಳಿಲ್ಲ.

"ನೋಡಮ್ಮ," ಎಂದಳು ಅತ್ತಿಗೆ, ಪೊರಕೆಯನ್ನು ಗೋಡೆಗೆ ಒರಗಿಸಿ. "ದಿನಕ್ಕೆ ನಾಲ್ಕು ಸಲ ಗುಡಿಸ್ತಿದೀನಿ. ಕೆಳಗಿನ ಮನೆಯವರು ಜಗಳಕ್ಕೆ ಬಂದು ಹೋದರು. ಭಾನುವಾರದೊಳಗೆ ಇದು ನಿಲ್ಲಬೇಕು. ಇಲ್ಲ ಅಂದ್ರೆ ನಿಮ್ಮಣ್ಣನ ಸೂಪರ್‌ವೈಸರ್ ಗಿಣಿ ಬೇಕು ಅಂತ ಕೇಳ್ತಾನೇ ಇದಾರೆ, ಕೊಟ್ಟುಬಿಡೋಣ."

"ನಿಂತರೆ ಇಲ್ಲೇ ಇರುತ್ತಾ?"

"ಇರುತ್ತೆ. ನಾನೇನು ರಾಕ್ಷಸಿನಾ?"

ಟೈಲರಮ್ಮ ಅಣ್ಣನ ಮನೆಗೆ ಬಂದು ಎರಡು ವರ್ಷವಾಗಿತ್ತು. ಗಂಡನ ಮನೆಯಲ್ಲಿ ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಒಂದು ದಿನ ಊಟದ ತಟ್ಟೆ ಎತ್ತಿ ಬೀಸಿದಳು. ಮರುದಿನ ಆಟೋದಲ್ಲಿ ಒಂದು ಮಷಿನ್ನು, ಒಂದು ಪಂಜರ ಹಾಕಿಕೊಂಡು ಹೊರಟುಬಂದಳು. ಆ ಮನೆಯಲ್ಲಿ ಅವಳ ಪರವಾಗಿ ಕೂಗಾಡಿದ ಜೀವ ಅಂದರೆ ಈ ಗಿಣಿಯೊಂದೇ. ಅದನ್ನು ಕೊಟ್ಟು ತಾನಿಲ್ಲಿ ಉಳಿಯುವ ಮಾತೇ ಇಲ್ಲ ಎಂದು ಅವಳು ಆಗಲೇ ನಿರ್ಧರಿಸಿಬಿಟ್ಟಳು.

ಅಣ್ಣ ಲೇತ್ ಕೆಲಸಗಾರ. ತಂಗಿ ಕೇಳುವ ಮೊದಲೇ ಪಂಥ ಕಟ್ಟಿದ. "ಮೂವತ್ತು ವರ್ಷ ಕಬ್ಬಿಣ ಪಳಗಿಸಿದೀನಿ. ಒಂದು ಹಿಡಿ ಪುಕ್ಕ ನನಗೆ ಲೆಕ್ಕಾನಾ?"

ಸೋಮವಾರ ಬಟ್ಟಲಿಗೆ ತಂತಿ ಸುತ್ತಿದ. ದೊರೆ ಅದನ್ನು ಮಧ್ಯಾಹ್ನದೊಳಗೆ ಬಿಚ್ಚಿತು. ಬುಧವಾರ ಸ್ಪ್ರಿಂಗ್ ಕ್ಲಿಪ್ಪು ಹಾಕಿದ, ಅದನ್ನೂ ಕಿತ್ತು ಬಟ್ಟಲಿನ ಹಿಂದೆಯೇ ಎಸೆಯಿತು. ಶುಕ್ರವಾರ ಬಟ್ಟಲಿನ ಅಂಚಿಗೆ ತೂತು ಕೊರೆದು, ಸರಳುಗಳ ನಡುವೆ ಬೋಲ್ಟು ತೂರಿಸಿ, ನಟ್ಟು ಬಿಗಿದು, "ಈಗ ಇವರಪ್ಪ ಬಂದರೂ ಆಗಲ್ಲ" ಎಂದು ಕೈ ಒರೆಸಿಕೊಂಡ. ಇವರಪ್ಪ ಬರುವ ಅಗತ್ಯ ಬೀಳಲಿಲ್ಲ. ಶನಿವಾರ ಬೆಳಿಗ್ಗೆ ಎಂಟಕ್ಕೆ ಬಟ್ಟಲು ಬಿತ್ತು.

ಅಣ್ಣ ಮುಖ ಸಣ್ಣ ಮಾಡಿಕೊಂಡು ಮತ್ತೆ ಬಿಗಿದ. ಟೈಲರಮ್ಮ ಅರ್ಧ ಹೊಲಿದ ತೋಳನ್ನು ಬದಿಗಿಟ್ಟು ಪಂಜರದ ಮುಂದೆ ಕೂತಳು. ದೊರೆ ಆತುರವಿಲ್ಲದೆ ನಟ್ಟಿಗೆ ಕೊಕ್ಕು ಕೊಟ್ಟು, ನಾಲಿಗೆಯಿಂದ ಒತ್ತಿ, ಕಾಲು ಕಾಲು ಸುತ್ತಾಗಿ ತಿರುಗಿಸತೊಡಗಿತು.

"ನಟ್ಟು ಯಾಕಣ್ಣ ಒಳಗಡೆ ಹಾಕಿದೆ?"

"ಬೋಲ್ಟಿನ ತಲೆ ಯಾವಾಗಲೂ ನೋಡೋರ ಕಡೆಗೇ ಇರಬೇಕು ಕಣೇ. ಅದು ಕೆಲಸದ ಮರ್ಯಾದೆ. ನೀನು ದಾರದ ಗಂಟು ಹೊರಗಡೆ ಹಾಕ್ತೀಯಾ?"

"ಹಾಕಲ್ಲ. ಆದರೆ ಆ ಗಂಟು ಚುಚ್ಚೋದು ತೊಟ್ಟೋರಿಗೆ," ಎಂದಳು ಅವಳು. "ನೀನು ನೋಡೋರಿಗೋಸ್ಕರ ಮಾಡಿದೀಯ. ಒಳಗೆ ಕೂತಿರೋದು ಯಾರು ಅಂತ ನೋಡಲೇ ಇಲ್ಲ."

ಅಣ್ಣನಿಗೆ ಇದು ಹಿಡಿಸಲಿಲ್ಲ. ಸ್ಪ್ಯಾನರ್ ಅವಳ ಮುಂದಿಟ್ಟು ಎದ್ದುಹೋದ. ಅವಳೇ ಬೋಲ್ಟನ್ನು ತಿರುಗಿಸಿ ಹಾಕಿದಳು. ನುಣುಪಾದ ಉರುಟು ತಲೆ ಒಳಗೆ, ನಟ್ಟು ಹೊರಗೆ. ನೋಡಲು ಚೆನ್ನಾಗಿರಲಿಲ್ಲ. ದೊರೆ ಸಂಜೆಯವರೆಗೆ ಕಚ್ಚಿತು, ಎಳೆಯಿತು, ಬೈಯಿತು. ಬಟ್ಟಲು ಜಪ್ಪಯ್ಯ ಅನ್ನಲಿಲ್ಲ.

ಭಾನುವಾರ ಎಂಟು ಗಂಟೆ ಸದ್ದಿಲ್ಲದೆ ಕಳೆಯಿತು. ಅತ್ತಿಗೆ ಪೊರಕೆ ಹಿಡಿದು ಕಾದು, ಗುಡಿಸಲು ಏನೂ ಇಲ್ಲದೆ ವಾಪಸು ಹೋದಳು. ಹತ್ತು ಗಂಟೆಗೆ ಸೂಪರ್‌ವೈಸರ್ ಬಂದರು, ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಪಂಜರಕ್ಕೆ ಹೊದಿಸಲು ಬಟ್ಟೆಯನ್ನೂ ತಂದು. ನಟ್ಟು ಸೋತ ಶನಿವಾರವೇ ಅಣ್ಣ ಬಾಯಿ ತಪ್ಪಿ ಕೊಡ್ತೀವಿ ಅಂದುಬಿಟ್ಟಿದ್ದ.

"ಗಲಾಟೆ ಗಿಣಿ ಅಂತಿದ್ದೆಯಲ್ಲಯ್ಯ. ಎಷ್ಟು ಸಾಧು ಇದೆ," ಎಂದು ಅವರು ಪಂಜರದ ಮುಂದೆ ಬಗ್ಗಿದರು.

ಅಣ್ಣ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಹೌದು ಸಾರ್, ಅಂದ್ರೆ, ಈಗ..." ಎಂದ. ಅತ್ತಿಗೆ ನೆಲ ನೋಡಿದಳು. ಬಟ್ಟಲು ನಿಂತರೆ ಗಿಣಿ ಇಲ್ಲೇ ಇರುತ್ತೆ ಎಂದು ಮಾತು ಕೊಟ್ಟಿದ್ದವಳೇ ಅವಳು. ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ಗಲಾಟೆ ಮಾಡಿದರೆ ಹೊರಗೆ ಹಾಕುತ್ತಾರೆ, ಸುಮ್ಮನಿದ್ದರೆ ಯಾರೋ ಎತ್ತಿಕೊಂಡು ಹೋಗುತ್ತಾರೆ. ಹನ್ನೊಂದು ವರ್ಷ ಸುಮ್ಮನಿದ್ದು ಅವಳು ಕಲಿತಿದ್ದು ಇದನ್ನೇ.

ಅವಳು ಎದ್ದು ಬಂದು, ಸ್ಪ್ಯಾನರ್ ತೆಗೆದುಕೊಂಡು, ಎಲ್ಲರೂ ನೋಡುತ್ತಿದ್ದ ಹಾಗೆಯೇ ನಟ್ಟು ಬಿಚ್ಚಿ ಬೋಲ್ಟು ಎಳೆದಳು.

ದೊರೆ ಒಂದು ಕ್ಷಣವೂ ಯೋಚಿಸಲಿಲ್ಲ. ಬಟ್ಟಲು ಕಿಂಡಿಯಿಂದ ಹಾರಿ ಸೂಪರ್‌ವೈಸರ್ ಎದೆಗೆ ಬಡಿಯಿತು. ನೆನೆಸಿದ ಬೀಜ ಬಿಳಿ ಅಂಗಿಯ ಮೇಲಿಂದ ಜೇಬಿನೊಳಕ್ಕೆ ಇಳಿಯಿತು.

"ಇದು ಯಾವಾಗಲೂ ಹೀಗೇನಾ?" ಎಂದರು ಅವರು ಹಿಂದೆ ಸರಿದು.

"ಬೇಡವಾದ ಕಡೆ ಕಳಿಸಿದರೆ ಹೀಗೇ ಸಾರ್. ನಾನೂ ಅಷ್ಟೇ," ಎಂದಳು ಟೈಲರಮ್ಮ.

ತಂದ ಬಟ್ಟೆಯಲ್ಲಿ ಅಂಗಿ ಒರೆಸಿಕೊಂಡು ಅವರು ಹೊರಟುಹೋದರು. ಅಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಅತ್ತಿಗೆ ಪೊರಕೆ ತಂದಳು, ಆದರೆ ಗುಡಿಸದೆ ನಿಂತು ನಾದಿನಿಯ ಮುಖವನ್ನೇ ನೋಡಿದಳು.

"ಅವತ್ತು ತಟ್ಟೆ ಎಸೆದಾಗ ನಿನಗೂ ಇಷ್ಟು ಗುರಿ ಇತ್ತಾ?"

"ಇಲ್ಲ ಅತ್ತಿಗೆ. ಗೋಡೆಗೆ ಬಿತ್ತು," ಎಂದಳು ಟೈಲರಮ್ಮ, ನಟ್ಟು ಬಿಗಿಯುತ್ತ. "ಆಗ ಅಭ್ಯಾಸ ಇರಲಿಲ್ಲ."