ನಂದಿ ಮರದ ಮೇಲಿನ ಗುರುತು

ನಾನು ಒಂದು ಸುತ್ತಿಗೆ. ಮೊಳೆ ಹೊಡೆಯುವ ಸುತ್ತಿಗೆಯಲ್ಲ, ಮರಗಳಿಗೆ ಸರ್ಕಾರದ ಮುದ್ರೆ ಒತ್ತುವ ಸುತ್ತಿಗೆ. ನನ್ನ ತಲೆಯ ಒಂದು ಬದಿ ಕೊಡಲಿಯ ಅಲಗು. ಇನ್ನೊಂದು ಬದಿ ಅಡಿಕೆಯಷ್ಟು ದಪ್ಪದ ದುಂಡು ಮುಖ. ಅದರಲ್ಲಿ ಒಂದು ಕಿರೀಟ, ಕಿರೀಟದ ಕೆಳಗೆ ಎರಡು ಇಂಗ್ಲಿಷ್ ಅಕ್ಷರ. ಅಕ್ಷರಗಳನ್ನು ತಿರುಗಿಸಿ ಕೆತ್ತಿದ್ದಾರೆ. ಮರದ ಮೇಲೆ ಬಿದ್ದಾಗ ಮಾತ್ರ ಅವು ನೆಟ್ಟಗೆ ಕಾಣುತ್ತವೆ.

ಹುಟ್ಟಿದ್ದು ಮದರಾಸಿನ ಒಂದು ಕುಲುಮೆಯಲ್ಲಿ. ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಸಣ್ಣ ಬಿಸಿಗೆ ಹಿಡಿದರು. ಬರೀ ಗಟ್ಟಿಯಾದ ಉಕ್ಕು ಪೆಟ್ಟು ಬಿದ್ದರೆ ಸೀಳುತ್ತದೆ, ಬರೀ ಮೆತ್ತಗಿನದು ಮುದ್ದೆಯಾಗುತ್ತದೆ. ನನ್ನದು ಎರಡರ ನಡುವಿನ ಹದ. ಹದಿನೇಳು ಎಂಬ ಸಂಖ್ಯೆ ಹೊತ್ತು, ಎತ್ತಿನ ಗಾಡಿಯಲ್ಲಿ ಕೊಡಗಿನ ಪೂರ್ವದ ಅಂಚಿನ ಕಾಡಿಗೆ ಬಂದೆ. ಆಗ ಅಲ್ಲಿ ಬ್ರಿಟಿಷರ ಆಳ್ವಿಕೆ. ನನಗೆ ನನ್ನ ಕಿರೀಟದ ಬಗ್ಗೆ ಹೆಮ್ಮೆಯಿತ್ತು. ಅದನ್ನೂ ಹೇಳಿಬಿಡಬೇಕು.

ನನ್ನನ್ನು ಮೊದಲು ಹಿಡಿದವನು ಕಾಡಿನ ಗಾರ್ಡು ಸಿಂಗ್ರಯ್ಯ. ಬಯಲುಸೀಮೆಯವನು, ಮೊಣಕಾಲು ನೋವಿನವನು. ಕೆಲಸದ ಕ್ರಮ ಹೀಗಿತ್ತು: ಎದೆಯೆತ್ತರದಲ್ಲಿ ಮರದ ಸುತ್ತಳತೆ ತೆಗೆಯುವುದು, ಅಲಗಿನಿಂದ ಅಂಗೈಯಗಲ ತೊಗಟೆ ಕೆತ್ತುವುದು, ಬಿಳಿಯ ಮೈ ಕಂಡ ಕೂಡಲೇ ನನ್ನನ್ನು ತಿರುಗಿಸಿ ಮುದ್ರೆ ಹೊಡೆಯುವುದು. ಬುಡದಲ್ಲೂ ಹಾಗೆಯೇ ಇನ್ನೊಂದು ಮುದ್ರೆ. ಮರ ಕಡಿದು ಸಾಗಿಸಿದ ಮೇಲೂ ಮೋಟು ಸಾಕ್ಷಿ ಹೇಳಬೇಕಲ್ಲ.

ಒಂದು ದಿನ ದೊಡ್ಡದೊಂದು ನಂದಿ ಮರದ ಮುಂದೆ ನಿಂತೆವು. ಸುತ್ತಳತೆ ಒಂಬತ್ತು ಅಡಿ ನಾಲ್ಕು ಅಂಗುಲ. ಮೇಲಿನ ಕೊಂಬೆಗಳಲ್ಲಿ ಹೆಜ್ಜೇನಿನ ಹನ್ನೊಂದು ಹುಟ್ಟುಗಳು. ಎದೆಯೆತ್ತರದಲ್ಲಿ ಯಾರೋ ಮೊದಲೇ ಅಂಗೈಯಗಲ ತೊಗಟೆ ಸುಲಿದಿದ್ದರು. ಆ ಗಾಯದ ಅಂಚಿನಲ್ಲಿ ಮಾಗಿದ ಪದರಗಳಿದ್ದವು, ವರ್ಷಕ್ಕೊಂದರಂತೆ. ಮೂವತ್ತೊಂದರವರೆಗೆ ಎಣಿಸಿದೆ, ಅದಕ್ಕೂ ಹಿಂದಿನವು ಒಂದರಲ್ಲೊಂದು ಬೆರೆತುಹೋಗಿದ್ದವು.

"ಇಲ್ಲಿ ತೊಗಟೆ ತೆಳ್ಳಗಿದೆ. ಕೈಗೆ ಸುಲಭ" ಅಂದ ಸಿಂಗ್ರಯ್ಯ.

ಅಲಗು ಬೀಸಿದ. ಹಳೆಯ ಗಾಯ ಇಡಿಯಾಗಿ ಎದ್ದು ಕೆಳಗೆ ಬಿತ್ತು. ಅದರ ಜಾಗದಲ್ಲಿ ಕಿರೀಟ ಕೂತಿತು. ಆಮೇಲೆ ಅವನು ಅಂಥ ಸುಲಿದ ಮರಗಳನ್ನೇ ಹುಡುಕತೊಡಗಿದ. ಮೊಣಕಾಲು ನೋವಿನವನಿಗೆ ದಣಿವು ಕಡಿಮೆಯಲ್ಲವೇ? ಆ ಬೇಸಗೆಯಲ್ಲಿ ಇನ್ನೂರ ಹನ್ನೆರಡು ಮರ.

ಆ ಸುಲಿತ ಏನೆಂದು ನನಗೆ ತಿಳಿದದ್ದು ವಾರದ ನಂತರ, ಜೇನುಕುರುಬರ ಹಾಡಿಯಲ್ಲಿ. ಹತ್ತು ಹದಿನೈದು ಗುಡಿಸಲು. ಸಿಂಗ್ರಯ್ಯ ಜಗಲಿಯ ಮೇಲೆ ನನ್ನನ್ನಿಟ್ಟು ನೀರು ಕೇಳಿದ. ಬೊಳ್ಳ ಎಂಬುವನು ಸೋರೆಬುರುಡೆಯಲ್ಲಿ ನೀರು ತಂದುಕೊಟ್ಟು ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಸಾಮಿ, ನಮ್ಮಪ್ಪನ ನಂದಿ ಮರಕ್ಕೆ ಹೊಸ ಗುರುತು ಬಿದ್ದೈತೆ. ಹಾಕ್ದೋರು ಯಾರು?"

"ಸರ್ಕಾರ ಕಣೋ."

"ಸರ್ಕಾರಕ್ಕೆ ಮರ ಹತ್ತಾಕ್ ಬತ್ತದಾ?"

ಹಾಡಿಯವರೆಲ್ಲ ನಕ್ಕರು. ಸಿಂಗ್ರಯ್ಯನೂ ನಕ್ಕ. "ಹತ್ತಲ್ಲ, ನೆಲದ ಮೇಲೆ ನಿಂತೇ ಎಲ್ಲಾ ಮಾಡುತ್ತೆ."

"ಹಂಗಾದ್ರೆ ನಾನೇ ಬಳ್ಳಿ ಏಣಿ ಕಟ್ಕೊಡ್ತೀನಿ. ಬರಾಕ್ ಹೇಳಿ. ಕೂತು ಒಂದು ಮಾತಾಡ್ಬೇಕು."

ಅವರ ಕಟ್ಟಳೆ ಅದು. ಜೇನಿನ ಮರವನ್ನು ಮೊದಲು ಕಂಡವನು ತೊಗಟೆ ಸುಲಿದು ಗುರುತು ಹಾಕುತ್ತಾನೆ. ಅವನ ಮನೆಯವರು ಪ್ರತಿ ವರ್ಷ ಅದೇ ಜಾಗದಲ್ಲಿ ಸುಲಿದು ಅದನ್ನು ಹಸಿಯಾಗಿಡುತ್ತಾರೆ. ಒಬ್ಬನ ಗುರುತಿನ ಮೇಲೆ ಇನ್ನೊಬ್ಬನ ಗುರುತು ಬಿದ್ದರೆ ಅದಕ್ಕೆ ಏನೋ ಕಾರಣವಿರಬೇಕು. ಹಾಕಿದವನು ಬಂದು ಎದುರು ಕೂತು ಹೇಳುವ ತನಕ ಯಾರೂ ಆ ಮರ ಮುಟ್ಟುವಂತಿಲ್ಲ, ಅದು ತನ್ನದೆಂದು ಹೇಳುವಂತೆಯೂ ಇಲ್ಲ. ಗುರುತು ಸುಳ್ಳು ಹೇಳಬಹುದೆಂಬ ಯೋಚನೆಯೇ ಅವರಿಗಿರಲಿಲ್ಲ.

ಆ ವರ್ಷ ಜೇನು ಮಾಗಿತು. ಬೊಳ್ಳ ಕಾದ. ಮುಂಗಾರು ಬಂತು, ಹುಳುಗಳು ಎದ್ದು ಹೋದವು. ಇನ್ನೂರ ಹನ್ನೆರಡು ಮರಗಳಲ್ಲಿ ಒಂದನ್ನೂ ಯಾರೂ ಹತ್ತಲಿಲ್ಲ.

ಮಳೆ ನಿಂತ ಮೇಲೆ ವಿಚಾರಣೆಗೆ ಒಬ್ಬ ದೊರೆ ಬಂದ. ಕಾಡಿಗೆ ಗಡಿ ಹಾಕುವ ಮೊದಲು, ಇದರಲ್ಲಿ ಯಾರಿಗೆ ಏನು ಹಕ್ಕಿದೆ ಎಂದು ಕೇಳಿ ಬರೆದುಕೊಳ್ಳುವುದು ಅವನ ಕೆಲಸ. ಕೆಟ್ಟವನಲ್ಲ. ಹಾಡಿಯವರನ್ನು ನಂದಿ ಮರದ ಕೆಳಗೇ ಕರೆಸಿದ. ನಾನು ಸಿಂಗ್ರಯ್ಯನ ಸೊಂಟದಲ್ಲಿ ತೂಗುತ್ತಿದ್ದೆ. ದೊರೆ ಕೇಳಿದ್ದನ್ನು ಜೊತೆಗೆ ಬಂದಿದ್ದ ಮುನ್ಷಿ ಕನ್ನಡದಲ್ಲಿ ಹೇಳಿದ: "ಈ ಮರ ನಿನ್ನದೇನಯ್ಯ?"

ಬೊಳ್ಳ ಕಿರೀಟದ ಗುರುತನ್ನು ನೋಡಿದ. ಅವನ ಹೆಂಡತಿ ಮಾದಿ ಹಿಂದಿನಿಂದ ತಿವಿದಳು. "ನಿಮ್ಮಪ್ಪನ ಮರ ಅಂತ ಹೇಳು. ಬಾಯಿಗೆ ಮೇಣ ಮೆತ್ಕೊಂಡಿದ್ದೀಯಾ?"

"ಸುಮ್ಕಿರು. ಗುರುತು ಕಣ್ಮುಂದೇ ಐತೆ. ಸುಳ್ಳಾಡಾದಾ?" ಅಂದ. ಆಮೇಲೆ ಮುನ್ಷಿಗೆ ಹೇಳಿದ: "ಇಲ್ಲ ಸಾಮಿ. ಬೇರೆಯೋರ ಗುರುತು ಐತೆ. ಅವರು ಬರಲಿ, ಮಾತಾಡ್ತೀವಿ."

ಮುನ್ಷಿ ದೊರೆಗೆ ದಾಟಿಸಿದ್ದು ಮೊದಲ ಮಾತನ್ನು ಮಾತ್ರ: ಇಲ್ಲ.

ಮರದಿಂದ ಮರಕ್ಕೆ ನಡೆದರು. ಪ್ರತಿ ಮರದ ಕೆಳಗೂ ಒಬ್ಬೊಬ್ಬ ಅದನ್ನೇ ಹೇಳಿದ. 'ಹಕ್ಕು ಕೇಳುವವರು ಯಾರೂ ಇಲ್ಲ' ಎಂದು ದೊರೆ ಬರೆದು ಸಹಿ ಹಾಕಿದ. ನಾನು ಕೆತ್ತಿ ಬೀಳಿಸಿದ ಆ ತೊಗಟೆಯ ಚೂರು ಅವನ ಬೂಟಿನಿಂದ ಎರಡು ಗೇಣು ದೂರದಲ್ಲಿ ಬಿದ್ದಿತ್ತು, ಮೂವತ್ತೊಂದು ಪದರಗಳ ಸಮೇತ. ಆ ಪದರಗಳನ್ನು ಎಣಿಸಿದ್ದವನು ನಾನೊಬ್ಬನೇ. ಸಿಂಗ್ರಯ್ಯನ ಸೊಂಟದಲ್ಲಿ ಸುಮ್ಮನೆ ತೂಗಿದೆ.

ಮಾರನೆಯ ವರ್ಷ ಹಾಡಿಯನ್ನು ಗಡಿಯಾಚೆಗೆ ಎಬ್ಬಿಸಿದರು. ಅವರು ಕಾಫಿ ತೋಟದ ಕೂಲಿಗಳ ಲೈನ್‌ಮನೆ ಸೇರಿದರು. ನಂದಿ ಮರ ಬಿದ್ದ ದಿನ ಬೊಳ್ಳ ಎಲ್ಲಿಂದಲೋ ಬಂದು ಮೋಟಿನ ಮುಂದೆ ನಿಂತ. ಬುಡದ ಮುದ್ರೆಯ ಮೇಲೆ ಬೆರಳಾಡಿಸಿದ.

"ಜೇನು ತೆಗೀಲಿಲ್ಲ, ಮರಾನೇ ತೆಗೆದ್ರಲ್ಲ ಸಾಮಿ. ಗುರುತು ಹಾಕಿದ್ದು ಇದಕ್ಕಾ?"

ಸಿಂಗ್ರಯ್ಯ ನನ್ನನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ. ನಾಚಿಕೆ ಅಂದರೆ ಏನೆಂದು ನಾನು ಕಲಿತದ್ದು ಆ ಬೆನ್ನ ಹಿಂದೆ.

ಅವನ ನಂತರ ನಾಲ್ಕು ಕೈಗಳನ್ನು ಕಂಡೆ. ಮೂರು ಹಿಡಿ ಬದಲಾದವು. ಬ್ರಿಟಿಷರು ಹೋದರು, ನನ್ನ ಕಿರೀಟವನ್ನು ಅರದಿಂದ ಉಜ್ಜಿ ಹೊಸ ಚಿಹ್ನೆ ಕೆತ್ತಿದರು. ಕೆಲಸ ಅದೇ ಇತ್ತು. ಕೊನೆಗೆ ಉಗ್ರಾಣ, ಅಲ್ಲಿಂದ ಪ್ರವಾಸಿಗರು ನೋಡಲೆಂದು ರೇಂಜ್ ಕಚೇರಿಯ ಗಾಜಿನ ಪೆಟ್ಟಿಗೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ತೇವದಿಂದ, ನಾಚಿಕೆಯಿಂದಲ್ಲ. ಗಾಜಿನೊಳಗೆ ತೇವವಿಲ್ಲ. ಎಣ್ಣೆ ಹಚ್ಚಿಸಿಕೊಂಡು ಹೊಳೆಯುತ್ತಾ ಮಲಗಿದ್ದೇನೆ.

ಹೋದ ತಿಂಗಳು ಒಬ್ಬ ಮುದುಕಿ ಬಂದಳು. ಹೆಸರು ನೀಲಿ, ಬೊಳ್ಳನ ಮರಿಮಗಳು. ಕಾಡಿನ ಹಕ್ಕಿಗೆ ಅರ್ಜಿ ಹಾಕಿದ್ದಳು. ಗುಮಾಸ್ತ ಹಳೆಯ ಕಡತ ತೆರೆದು ತೋರಿಸಿದ.

"ನೋಡಮ್ಮ, ಯಾರೂ ಹಕ್ಕು ಕೇಳಿಲ್ಲ ಅಂತ ಆಗಲೇ ಬರೆದಿದೆ. ಬೇರೆ ಸಾಕ್ಷಿ ಏನಾದ್ರೂ ಇದ್ರೆ ತಗೊಂಡ್ಬಾ."

"ಮರ ಇದ್ದಿದ್ರೆ ತೋರಿಸ್ತಿದ್ದೆ ಕಣಪ್ಪ" ಅಂದಳು. ತಿರುಗಿ ಹೋಗುವಾಗ ನನ್ನ ಮುಂದೆ ನಿಂತಳು. "ಇದಾ, ಗುರುತು ಹಾಕಾದು? ನಮ್ಮ ಮುತ್ತಾತ ಸಾಯಗಂಟ ಕಾಯ್ತಿದ್ನಂತೆ, ಹಾಕ್ದೋರು ಬಂದು ಮಾತಾಡ್ತಾರೆ ಅಂತ."

ಅವಳು ಹೋಗಿ ತಿಂಗಳಾಯಿತು. ಬಂದು ಕೂತು ಮಾತಾಡಬೇಕಾಗಿದ್ದವನು ನಾನೇ. ನೂರು ವರ್ಷ ಮೀರಿ ತಡವಾಗಿದೆ, ಎದುರಿಗೆ ಬೊಳ್ಳನೂ ಇಲ್ಲ. ಆದರೂ ಹೇಳುತ್ತೇನೆ. ಆ ನಂದಿ ಮರ ನಿನ್ನದು, ಬೊಳ್ಳ. ನಿನ್ನ ಅಪ್ಪನ ಗುರುತು ನನಗಿಂತ ಮೊದಲು ಅಲ್ಲಿತ್ತು. ನಾನು ಅದನ್ನು ನೋಡಿದೆ. ಎಣಿಸಿದೆ. ಆಮೇಲೆ ಕೆತ್ತಿ ಹಾಕಿದೆ.