ಬೇಲಿ ಮೇಯ್ದ ಹೃದಯ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಗಾಜಕ್ಕ ಎನ್ನುತ್ತಿದ್ದರು. ಸತ್ತವರ ಹೃದಯದ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳುವಾಗಿ ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ ಬಣ್ಣ ಹಾಕುವುದು ಅವಳ ಕೆಲಸ. ಸತ್ತವರ ಕಡೆಯವರ ಜೊತೆ ಮಾತಾಡುವುದು ಡಾಕ್ಟರ ಕೆಲಸ. ಆದರೆ ಅವಳ ಬಾಯಿಗೆ ಬೀಗ ಹಾಕಿದವರು ಯಾರೂ ಇರಲಿಲ್ಲ.

ಅಂದು ಮರಣೋತ್ತರ ವರದಿಗೆ ಬಂದಿದ್ದವರು ಅತ್ತೆ, ಸೊಸೆ. ಒಂದೇ ಬೆಂಚಿನ ಎರಡು ತುದಿ ಹಿಡಿದು ಕೂತಿದ್ದರು. ಸೊಸೆಯ ಗಂಡ, ಬಸ್ ಡ್ರೈವರ್, ಕಳೆದ ತಿಂಗಳು ಬೆಳಗ್ಗೆ ಎಂಟಕ್ಕೆ ಅಡುಗೆಮನೆಯಲ್ಲಿ ಕುಸಿದು ಸತ್ತಿದ್ದ. ಅದಕ್ಕೆ ಹತ್ತು ನಿಮಿಷ ಮುಂಚೆ, ಇನ್ನೂ ಡ್ಯೂಟಿಗೆ ಹೊರಟಿಲ್ಲವೆಂದು ಅವಳು ಅವನಿಗೆ ಬಾಯಿಗೆ ಬಂದಂತೆ ಬೈದಿದ್ದಳು. "ನಿನ್ನ ನಾಲಿಗೇನೇ ನನ್ನ ಮಗನ್ನ ತಿಂತು," ಎಂದಿದ್ದರು ಅತ್ತೆ. ಅಂದಿನಿಂದ ಸೊಸೆ ದನಿ ಎತ್ತಿ ಮಾತಾಡಿರಲಿಲ್ಲ.

"ಅಕ್ಕಾ, ಒಂದೇ ಮಾತು ಹೇಳಿ. ನಾನು ಬೈದಿದ್ದಕ್ಕೇ ಹೋದ್ರಾ?" ವರದಿ ತಂದ ಗಾಜಕ್ಕನನ್ನು ಸೊಸೆ ಕೇಳಿದಳು.

ಗಾಜಕ್ಕ ಅವನ ಹೃದಯದ ಚೂರಿಗೆ ಮೂರು ಸಲ ಬಣ್ಣ ಹಾಕಿ ನೋಡಿದ್ದಳು. ಮೂರು ಸಲವೂ ಸ್ನಾಯು ಕಂದು ಬಣ್ಣಕ್ಕೆ ತಿರುಗಿತ್ತು.

"ಇಲ್ಲಮ್ಮ. ರೋಗಾಣು ಬಂದ್ರೆ ಹೊಡೆಯೋಕೆ ನಮ್ಮ ರಕ್ತದಲ್ಲೇ ಕಾವಲು ಪ್ರೋಟೀನುಗಳಿವೆ, ಕಾಂಪ್ಲಿಮೆಂಟ್ ಅಂತಾರೆ. ರಕ್ತ ಸಿಗದೆ ಹೃದಯದ ಸ್ನಾಯು ಸಾಯೋಕೆ ಶುರುವಾದ್ರೆ ಅವು ಅದನ್ನೇ ವೈರಿ ಅಂದ್ಕೊಂಡು ಮುತ್ತಿಕೊಳ್ತವೆ. ಉಳೀಬಹುದಾಗಿದ್ದ ಸ್ನಾಯುವನ್ನೂ ತೂತು ಮಾಡ್ತವೆ. ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ. ಅವು ಕೂತ ಕಡೆ ನನ್ನ ಬಣ್ಣ ಹಿಡಿಯುತ್ತೆ. ಇಷ್ಟು ಕೂರೋಕೆ ಗಂಟೆಗಟ್ಟಲೆ ಬೇಕು, ಹತ್ತು ನಿಮಿಷ ಎಲ್ಲಿ ಸಾಕಾಗುತ್ತೆ? ಡಾಕ್ಟರೂ ಬರೆದಿದ್ದಾರೆ, ಹಾರ್ಟ್ ಅಟ್ಯಾಕ್ ಶುರುವಾಗಿದ್ದು ಹಿಂದಿನ ರಾತ್ರಿನೇ."

ಸೊಸೆ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಗಾಜಕ್ಕನಿಗೆ, ಸುಳ್ಳೇಕೆ, ಒಳಗೊಳಗೇ ಹೆಮ್ಮೆಯಾಯಿತು: ಒಂದು ಹೆಣ್ಣಿನ ತಲೆಯ ಮೇಲಿನ ಬಂಡೆ ಇಳಿಸಿದೆನಲ್ಲ! ಇಳಿದ ಬಂಡೆ ಯಾರ ಮೇಲೆ ಕೂತಿತೆಂದು ನೋಡಿದ್ದು ಆಮೇಲೆ.

ಅತ್ತೆಯ ಮುಖ ಬಿಳಿಚಿಕೊಂಡಿತ್ತು. "ರಾತ್ರಿ ನನ್ನ ಹತ್ರ ಬಂದಿದ್ದ," ಎಂದರು. "ಎದೆ ಉರಿಯುತ್ತೆ ಅಮ್ಮ ಅಂದ. ಗ್ಯಾಸು, ಮಲ್ಕೋ ಅಂತ ನನ್ನ ಮಾತ್ರೆನೇ ಕೊಟ್ಟೆ. ಅವಳನ್ನ ಎಬ್ಬಿಸಬೇಡ, ಸುಮ್ನೆ ಬೈತಾಳೆ ಅಂದೆ."

ತಿಂಗಳಿಡೀ ಕೇಳಿಸಿಕೊಂಡ ಮಾತನ್ನು ತಿರುಗಿಸಿ ಹೇಳಲು ಸೊಸೆಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ಅವಳು ಎದ್ದಳು. ಬೆಂಚಿನ ಆ ತುದಿಗೆ ಹೋಗಿ, ಅತ್ತೆಗೆ ಒತ್ತಿಕೊಂಡು ಕೂತಳು.

"ನನ್ನನ್ನ ಎಬ್ಬಿಸಿದ್ರೂ ನಾನೂ ಅದೇ ಮಾತ್ರೆ ಕೊಡ್ತಿದ್ದೆ ಅತ್ತೆ," ಎಂದಳು. "ಬೈದು ಕೊಡ್ತಿದ್ದೆ, ಅಷ್ಟೇ."